ಯುದ್ಧ ಮುಗಿದ ಮೇಲೆ ಶುರುವಾಗುವ ಕಾದಂಬರಿ: ತಾರೆಗಳ ನಡುವಿನ ನಿರಾಶ್ರಿತರ ಕಥೆಯನ್ನು ಬರೆಯುವುದು ಹೇಗೆ?

ಅಂತರತಾರಾ ಯುದ್ಧವೊಂದರಲ್ಲಿ ನೆಲೆ ಕಳೆದುಕೊಂಡ ಜನ ಮತ್ತೆ ಬದುಕು ಕಟ್ಟಿಕೊಳ್ಳುವ ಕಥೆಯನ್ನು ವೈಜ್ಞಾನಿಕ ಕಾದಂಬರಿಯಾಗಿ ಬರೆಯಲು ಹೊರಡುವವರು ಸಾಮಾನ್ಯವಾಗಿ ಮೊದಲ ನೂರು ಪುಟಗಳನ್ನು ಯುದ್ಧಕ್ಕೇ ಖರ್ಚು ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ನನ್ನ ಮೊದಲ ಹಸ್ತಪ್ರತಿಯಲ್ಲಿ ನಿರಾಶ್ರಿತರು ಕಾಣಿಸಿಕೊಂಡದ್ದು ತೊಂಬತ್ತೊಂದನೆಯ ಪುಟದಲ್ಲಿ. ಅಷ್ಟರೊಳಗೆ ಮೂರು ನೌಕಾಪಡೆಗಳು ನಾಶವಾಗಿದ್ದವು, ಓದುವವರೂ ಸುಸ್ತಾಗಿದ್ದರು. ಅದನ್ನು ಓದಿಕೊಟ್ಟ ಗೆಳೆಯರೊಬ್ಬರು ಇಡೀ ಪ್ರತಿಯಲ್ಲಿ ಮೆಚ್ಚಿ ಗೆರೆ ಎಳೆದದ್ದು ಒಂದೇ ಕಡೆ. ಪಡಿತರದ ಸಾಲಿನಲ್ಲಿ ನಿಂತ ಅಜ್ಜಿಯೊಬ್ಬರು ಅಳೆಯುವವನ ಕೈಯಲ್ಲಿದ್ದ ಪಾವನ್ನು ದಿಟ್ಟಿಸಿ, "ಇದು ನಮ್ಮೂರ ಪಾವೇನಪ್ಪಾ, ನಿಮ್ಮೂರದೋ?" ಎಂದು ಕೇಳುವ ಎರಡು ಸಾಲು ಅದು. ಆ ಎರಡು ಸಾಲನ್ನು ಉಳಿಸಿಕೊಂಡು, ಅದಕ್ಕೂ ಮೊದಲಿದ್ದ ತೊಂಬತ್ತು ಪುಟಗಳನ್ನು ತೆಗೆದುಹಾಕಿದೆ.

ಆದ್ದರಿಂದ ಈ ಬಗೆಯ ಕಾದಂಬರಿ ಬರೆಯುವವರಿಗೆ ನಾನು ಹೇಳುವ ಮೊದಲ ಮಾತು ಇಷ್ಟು: ಯುದ್ಧ ಮೊದಲ ಪುಟಕ್ಕೂ ಮುಂಚೆಯೇ ಮುಗಿದಿರಲಿ. ಅದು ಯಾರ ನಡುವೆ, ಯಾಕೆ ನಡೆಯಿತು ಎಂಬುದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ವಿವರವಾಗಿ ಇರಬೇಕು. ಓದುಗರಿಗೆ ಮಾತ್ರ ಅದು, ಇದ್ದ ವಸ್ತು ಇಲ್ಲವಾಗಿರುವುದರಿಂದ, ಸಾಲಿನಲ್ಲಿ ನಿಂತವರು ಯಾರ ಪಕ್ಕ ನಿಲ್ಲಲು ಒಪ್ಪುವುದಿಲ್ಲ ಎಂಬುದರಿಂದ, ಸ್ವಲ್ಪಸ್ವಲ್ಪವಾಗಿ ತಿಳಿಯಬೇಕು.

ಮೊದಲು ದೂರವನ್ನು ಗೊತ್ತುಮಾಡಿಕೊಳ್ಳಿ

ಪಾತ್ರಗಳಿಗೆ ಹೆಸರಿಡುವುದಕ್ಕೂ ಮುಂಚೆ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಬಿಟ್ಟುಬಂದ ಲೋಕಕ್ಕೂ ಆಶ್ರಯ ಕೊಡುವ ಲೋಕಕ್ಕೂ ನಡುವಿನ ಅಂತರವನ್ನು ಬರೆಯಿರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ವಾಯೇಜರ್-1 ನೌಕೆಯ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 75,000 ವರ್ಷ ಬೇಕು. ಬೆಳಕಿಗಿಂತ ವೇಗವಾಗಿ ಹಾರುವ ಯಂತ್ರವನ್ನು ಕಲ್ಪಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಆದರೆ ನಿರಾಶ್ರಿತರ ಕಥೆಗೆ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬೆಳಗ್ಗೆ ಹೊರಟು ಸಂಜೆಗೆ ಹಿಂತಿರುಗಬಹುದಾದರೆ ಅದು ಬಸ್ಸಿನ ಪ್ರಯಾಣವಾಗುತ್ತದೆಯೇ ಹೊರತು ಗಡೀಪಾರಾಗುವುದಿಲ್ಲ.

ಲೆಕ್ಕಕ್ಕೆಂದು ಎರಡು ಲೋಕಗಳ ನಡುವೆ ಹತ್ತು ಜ್ಯೋತಿರ್ವರ್ಷ ಇಟ್ಟುಕೊಳ್ಳೋಣ. ಹಡಗು ಬೆಳಕಿನ ಶೇಕಡ 80ರಷ್ಟು ವೇಗದಲ್ಲಿ ಹೋಗಲಿ. ವೇಗ ಏರಿಸುವ, ಇಳಿಸುವ ಕಾಲವನ್ನು ಸದ್ಯಕ್ಕೆ ಬಿಟ್ಟರೆ, ಗ್ರಹಗಳ ಮೇಲಿರುವವರ ಲೆಕ್ಕದಲ್ಲಿ ಪ್ರಯಾಣಕ್ಕೆ ಹನ್ನೆರಡೂವರೆ ವರ್ಷ ಹಿಡಿಯುತ್ತದೆ; ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಗಡಿಯಾರ ನಿಧಾನವಾಗುತ್ತದೆ ಎಂಬ ಸಾಪೇಕ್ಷತೆಯ ನಿಯಮದಿಂದ, ಹಡಗಿನೊಳಗಿನವರ ಲೆಕ್ಕದಲ್ಲಿ ಏಳೂವರೆ ವರ್ಷ ಮಾತ್ರ. ಮೂರು ವರ್ಷದ ಮಗುವಾಗಿ ಹಡಗು ಹತ್ತಿದವಳು ಇಳಿಯುವಾಗ ಹತ್ತೂವರೆ ವರ್ಷದವಳಾಗಿರುತ್ತಾಳೆ; ಅವಳು ಹುಟ್ಟಿದ ದಿನವೇ ಹುಟ್ಟಿ ಊರಲ್ಲೇ ಉಳಿದ ಅವಳ ಚಿಕ್ಕಪ್ಪನ ಮಗ ಅಷ್ಟರಲ್ಲಿ ಹದಿನೈದು ದಾಟಿರುತ್ತಾನೆ. ಹಡಗು ಹೊರಟಿತೆಂಬ ಸುದ್ದಿ ಬೆಳಕಿನ ವೇಗದಲ್ಲಿ ಹೋಗಿ ಹತ್ತು ವರ್ಷಕ್ಕೆ ತಲುಪುವುದರಿಂದ, ಆಶ್ರಯ ಕೊಡಬೇಕಾದವರಿಗೆ ಸಿದ್ಧರಾಗಲು ಸಿಗುವ ಕಾಲ ಎರಡೂವರೆ ವರ್ಷ ಮಾತ್ರ.

ಈಗ ಈ ಹಾಳೆಯ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಹಡಗು ಹೊರಟ ಒಂದು ವರ್ಷಕ್ಕೆ ಯುದ್ಧ ನಿಂತಿತು, ಒಪ್ಪಂದಕ್ಕೆ ಸಹಿ ಬಿತ್ತು ಎಂದಿಟ್ಟುಕೊಳ್ಳಿ. ಆ ಸಂದೇಶ ಹಡಗಿನ ಬೆನ್ನು ಹತ್ತಿ, ನಾಲ್ಕು ಜ್ಯೋತಿರ್ವರ್ಷ ದೂರದಲ್ಲಿ ಅದನ್ನು ಹಿಡಿಯುತ್ತದೆ. ಆಗ ಪ್ರಯಾಣಿಕರ ಗಡಿಯಾರದಲ್ಲಿ ಹೊರಟು ಮೂರು ವರ್ಷವಾಗಿರುತ್ತದೆ. ಓಡುವ ಹಡಗನ್ನು ಹಿಂದಿನಿಂದ ಮುಟ್ಟುವ ಅಲೆಗಳು ಹಿಗ್ಗುವುದರಿಂದ ಒಂದು ಗಂಟೆಯ ಘೋಷಣೆ ಮೂರು ಗಂಟೆಯಷ್ಟು ಉದ್ದವಾಗಿ ಬರುತ್ತದೆ. ಯಂತ್ರ ಅದನ್ನು ಸರಿಪಡಿಸಿಕೊಡಬಲ್ಲದು. ಆದರೆ ಸರಿಪಡಿಸದ ದನಿಯನ್ನೇ ಜನ ಕೂತು ಕೇಳುವಂತೆ ಮಾಡುವುದು ಕಾದಂಬರಿಕಾರರ ಕೈಯಲ್ಲಿದೆ. ಹಡಗನ್ನು ತಿರುಗಿಸಲು ಬೇಕಾದ ಇಂಧನ ಇಲ್ಲ. ಮುಗಿದುಹೋದ ಯುದ್ಧವೊಂದರಿಂದ ತಪ್ಪಿಸಿಕೊಂಡು ಅವರು ಇನ್ನೂ ನಾಲ್ಕೂವರೆ ವರ್ಷ ಓಡಲೇಬೇಕು.

ಇದು ಬರೀ ಗಣಿತದ ಆಟವಲ್ಲ. ಸುದ್ದಿ ತಡವಾಗಿ ತಲುಪಿದ್ದರ ಫಲವನ್ನು ಭೂಮಿಯ ಮೇಲೂ ಜನ ಅನುಭವಿಸಿದ್ದಾರೆ. ಬ್ರಿಟನ್ ಮತ್ತು ಅಮೆರಿಕ 1814ರ ಡಿಸೆಂಬರ್ 24ರಂದು ಗೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಆ ಸುದ್ದಿ ಅಟ್ಲಾಂಟಿಕ್ ದಾಟುವಷ್ಟರಲ್ಲಿ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಭಾರಿ ಕದನ ನಡೆದುಹೋಗಿತ್ತು. ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ ಅಡಗಿದ್ದ ಜಪಾನಿನ ಯೋಧ ಹಿರೂ ಒನೋಡಾ ಶರಣಾದದ್ದು 1974ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ 29 ವರ್ಷಗಳ ಮೇಲೆ. ನಿಮ್ಮ ಕಥೆಗೆ ಇದಕ್ಕಿಂತ ಹತ್ತಿರದ್ದು ಕಾನೂನಿನ ಒಂದು ಕಲಮು. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ, ಯಾವ ಪರಿಸ್ಥಿತಿಯ ಕಾರಣಕ್ಕೆ ಒಬ್ಬರನ್ನು ನಿರಾಶ್ರಿತರೆಂದು ಒಪ್ಪಲಾಯಿತೋ ಆ ಪರಿಸ್ಥಿತಿ ಇಲ್ಲವಾದರೆ ಆ ರಕ್ಷಣೆಯೂ ಕೊನೆಗೊಳ್ಳಬಹುದು. ಹಡಗು ತಲುಪುವುದಕ್ಕೆ ಒಂದೂವರೆ ವರ್ಷ ಮೊದಲೇ ಶಾಂತಿಯ ಸುದ್ದಿ ಗ್ರಹವನ್ನು ಮುಟ್ಟಿರುತ್ತದೆ. ಮೇಜಿನ ಆಚೆ ಕೂತ ಅಧಿಕಾರಿ, ಯಾವ ದುರುದ್ದೇಶವೂ ಇಲ್ಲದೆ, "ನಿಮ್ಮ ಕಡೆ ಯುದ್ಧ ನಿಂತು ಹನ್ನೊಂದೂವರೆ ವರ್ಷವಾಯಿತಲ್ಲ, ನೀವು ಯಾಕೆ ಬಂದಿರಿ?" ಎಂದು ಕೇಳಬಹುದು. ನನ್ನನ್ನು ಕೇಳಿದರೆ ಕಾದಂಬರಿಯ ಮೊದಲ ಅಧ್ಯಾಯ ಇಲ್ಲಿಂದಲೇ ಶುರುವಾಗಬೇಕು.

ಬಾಗಿಲಲ್ಲಿ ನಿಂತವರ ಭಯಕ್ಕೂ ಕಾರಣ ಕೊಡಿ

ಆಶ್ರಯ ನಿರಾಕರಿಸುವವರನ್ನು ಕಲ್ಲೆದೆಯವರನ್ನಾಗಿ ಚಿತ್ರಿಸುವುದು ಸುಲಭ. ಅದರಿಂದ ಕಥೆ ತೆಳುವಾಗುತ್ತದೆ. ಭೌತಶಾಸ್ತ್ರವೇ ಅವರ ಭಯಕ್ಕೆ ಆಧಾರ ಒದಗಿಸುತ್ತದೆ. ಬೆಳಕಿನ ಹತ್ತನೆಯ ಒಂದು ಭಾಗದಷ್ಟು ವೇಗದಲ್ಲಿ ಬರುವ ಒಂದೇ ಒಂದು ಕೆ.ಜಿ. ತೂಕದ ವಸ್ತುವಿನಲ್ಲಿ, ಹಿರೋಶಿಮಾ ಬಾಂಬಿನ ಸುಮಾರು ಏಳು ಪಟ್ಟು ಶಕ್ತಿ ಇರುತ್ತದೆ. ಹತ್ತು ಸಾವಿರ ಜನರನ್ನು ಹೊತ್ತ ಹಡಗು ಅದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ತಮ್ಮ ಕಡೆಗೆ ಬರುತ್ತಿದ್ದರೆ, ಅದರೊಳಗೆ ಮಕ್ಕಳಿದ್ದಾರೆಂದು ಗ್ರಹದವರು ನಂಬುವುದು ಯಾವುದರ ಮೇಲೆ? ಭೂಮಿಯ ಗುರುತ್ವದಷ್ಟು ಬಲದಿಂದ ಬ್ರೇಕು ಹಾಕಿದರೆ ಆ ಹಡಗು ನಿಲ್ಲಲು ಒಂದೂಕಾಲು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆದರೆ ಆ ಬ್ರೇಕಿನ ಜ್ವಾಲೆಯ ಬೆಳಕೂ ದೂರ ಸವೆಸಿ ಬರಬೇಕಾದ್ದರಿಂದ ಅದು ಗ್ರಹದವರ ಕಣ್ಣಿಗೆ ಬೀಳುವುದು ಹಡಗು ತಲುಪುವ ಏಳೆಂಟು ತಿಂಗಳ ಮುಂಚೆ ಮಾತ್ರ. ಕಾಣಬೇಕಾದ ರಾತ್ರಿ ಆ ಜ್ವಾಲೆ ಕಾಣದಿದ್ದರೆ, ವೇಗ ತಗ್ಗಿಸದ ಹಡಗು ಬಂದು ಅಪ್ಪಳಿಸುವುದಕ್ಕೆ ಅವರಿಗೆ ಉಳಿಯುವುದು ಎರಡು ತಿಂಗಳು. ಆ ರಾತ್ರಿ ದೂರದರ್ಶಕದ ಮುಂದೆ ಕೂತ ಹೆಂಗಸನ್ನು ಒಂದು ಅಧ್ಯಾಯಕ್ಕೆ ನಿಮ್ಮ ನಾಯಕಿಯನ್ನಾಗಿ ಮಾಡಿಕೊಂಡರೆ, ಬಂದವರಷ್ಟೇ ನಿಂತವರೂ ಮನುಷ್ಯರೆಂಬುದನ್ನು ಭಾಷಣವಿಲ್ಲದೆ ತೋರಿಸಬಹುದು.

ಇದರ ಜೊತೆಗೆ, ಭಯವನ್ನು ನೆಪವಾಗಿ ಬಳಸುವವರೂ ಇರುತ್ತಾರೆ ಎಂಬುದನ್ನು ಮರೆಯಬಾರದು. 1914ರಲ್ಲಿ ಕೊಮಗಾಟ ಮಾರು ಹಡಗು 376 ಭಾರತೀಯ ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರ್ ಬಂದರಿಗೆ ಹೋದಾಗ, ಎಲ್ಲೂ ನಿಲ್ಲದೆ ನೇರವಾಗಿ ಬಂದಿರಬೇಕೆಂಬ ನಿಯಮ ಮೊದಲಾದವನ್ನು ಮುಂದಿಟ್ಟು, ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಕಳುಹಿಸಲಾಯಿತು. ಆ ನಿಯಮದಲ್ಲಿ ಭಾರತ ಎಂಬ ಹೆಸರೇ ಇರಲಿಲ್ಲ. ನಿಮ್ಮ ಗ್ರಹದ ಕಾನೂನನ್ನೂ ಹಾಗೆಯೇ ಬರೆಯಿರಿ: ಯಾರ ಹೆಸರನ್ನೂ ಹೇಳದ, ಆದರೆ ಒಬ್ಬರಿಗೆ ಮಾತ್ರ ತಾಗುವ ಒಂದು ವಾಕ್ಯ ಸಾಕು.

ಲೆಕ್ಕದ ಪುಸ್ತಕ ತೆರೆಯಿರಿ

ಶಿಬಿರದ ಬದುಕನ್ನು ಕಣ್ಣೀರಿನಿಂದ ಬರೆಯುವ ಬದಲು ಲೀಟರಿನಿಂದ ಬರೆಯುವುದು ಮೇಲು. ಮಾನವೀಯ ನೆರವಿನ ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಮಾನದಂಡಗಳಂತೆ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ಸೂರಿನ ಜಾಗ, 2,100 ಕಿಲೋಕ್ಯಾಲರಿ ಆಹಾರ, 20 ಜನರಿಗೆ ಒಂದು ಶೌಚಾಲಯ ಬೇಕು. ಹತ್ತು ಸಾವಿರ ಜನರಿಗೆ ಗುಣಿಸಿದರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್ ನೀರು, ಐನೂರು ಶೌಚಾಲಯ. ಈ ಅಂಕಿಗಳನ್ನು ಪುಟದ ಮೇಲೆ ಸುರಿಯಬೇಡಿ. ಹದಿನೈದು ಲೀಟರ್ ಹನ್ನೊಂದಕ್ಕೆ ಇಳಿದ ದಿನ ಯಾರು ಸ್ನಾನ ಬಿಟ್ಟರು, ಯಾರು ಬೆಳೆಸುತ್ತಿದ್ದ ಗಿಡ ಬಿಟ್ಟರು, ಯಾರು ಎರಡು ಕಾರ್ಡು ಮಾಡಿಸಿದರು ಎಂದು ಬರೆಯಿರಿ. ಹೊಳೆ ಉಕ್ಕಿ ಬಂದ ವರ್ಷ ಶಾಲೆಯ ಕೊಠಡಿಯಲ್ಲಿ ನಡೆಯುವ ಗಂಜಿ ಕೇಂದ್ರವನ್ನು ಒಮ್ಮೆಯಾದರೂ ನೋಡಿದ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಕಪ್ಪುಹಲಗೆಯ ಮೇಲೆ ಕುಟುಂಬಗಳ ಹೆಸರು ಬರೆದು, ಆ ಹೆಸರುಗಳ ಕೆಳಗೆ ಹಿಂದಿನ ದಿನದ ಗಣಿತದ ಲೆಕ್ಕ ಅಳಿಸದೆ ಉಳಿದಿರುವುದನ್ನು ನಾನು ನೋಡಿದ್ದೇನೆ.

ಅಧಿಕಾರಿಗಳು ಹಾಕಿದ ಗೆರೆಯನ್ನು ಜನ ಹೇಗೆ ಬಾಗಿಸುತ್ತಾರೆ ಎಂಬುದು ಮುಂದಿನ ವಿಷಯ. ಸಿರಿಯಾದ ನಿರಾಶ್ರಿತರಿಗಾಗಿ 2012ರಲ್ಲಿ ಜೋರ್ಡಾನಿನಲ್ಲಿ ತೆರೆದ ಜಾತರಿ ಶಿಬಿರದಲ್ಲಿ, ಸಾಲಾಗಿ ಜೋಡಿಸಿದ್ದ ಪೆಟ್ಟಿಗೆ ಮನೆಗಳನ್ನು ಜನರೇ ಎಳೆದುಕೊಂಡು ಹೋಗಿ ತಮ್ಮ ಬಂಧುಗಳ ಪಕ್ಕ ಇಟ್ಟುಕೊಂಡರು. ಮುಖ್ಯ ಬೀದಿಯಲ್ಲಿ ಅಂಗಡಿಗಳು ಎದ್ದು, ಪ್ಯಾರಿಸ್ಸಿನ ಹೆಸರಾಂತ ಬೀದಿಯ ಹೆಸರೇ ಅದಕ್ಕೆ ತಮಾಷೆಯಾಗಿ ಅಂಟಿಕೊಂಡಿತು. ನಮ್ಮಲ್ಲಿಯೇ ನೋಡಬೇಕೆಂದರೆ ಬೈಲುಕುಪ್ಪೆಗೆ ಹೋಗಬಹುದು. 1960ರ ಸುಮಾರಿಗೆ ಆಗಿನ ಮೈಸೂರು ಸರ್ಕಾರ ಟಿಬೆಟನ್ನರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಡೇರೆಗಳು ಹೋಗಿ ಕಾಂಕ್ರೀಟು ಬಂದು ಎಷ್ಟೋ ಕಾಲವಾದರೂ ಅಲ್ಲಿನ ಹಳ್ಳಿಗಳಿಗೆ "ಕ್ಯಾಂಪ್" ಎಂದೇ ಹೇಳುತ್ತಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ನೆಲೆಸಿದ ಸಿಂಧನೂರು ತಾಲ್ಲೂಕಿನ ಊರುಗಳೂ ಇಂದಿಗೂ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೇ. ನಿಮ್ಮ ಗ್ರಹದಲ್ಲಿ ಮೂರನೆಯ ತಲೆಮಾರಿನ ಮಗು, ಕ್ಯಾಂಪ್ ಎಂದರೆ ಊರು ಎಂದೇ ತಿಳಿದು ಬೆಳೆಯಲಿ.

ಕಾಗದವೂ ಒಂದು ಪಾತ್ರ. 1922ರಲ್ಲಿ ನಾನ್ಸೆನ್ ಪಾಸ್‌ಪೋರ್ಟ್ ಹುಟ್ಟಿದ್ದು ದೇಶವೇ ಕೈಬಿಟ್ಟವರಿಗೆ ಯಾವುದಾದರೊಂದು ಗುರುತು ಬೇಕೆಂಬ ಕಾರಣಕ್ಕೆ. ಭಾರತದಲ್ಲಿರುವ ಟಿಬೆಟನ್ನರು ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅಲ್ಲೇ ಹುಟ್ಟಿ ಬೆಳೆದವರು ನವೀಕರಣದ ಸಾಲಿನಲ್ಲಿ ನಿಲ್ಲುವ ದೃಶ್ಯವನ್ನು ನಿಮ್ಮ ಕಾದಂಬರಿಯಿಂದ ಬಿಡಬೇಡಿ.

ಜಮೀನಿನ ಪ್ರಶ್ನೆ

ಪುನರ್ನಿರ್ಮಾಣ ಎಂದ ಕೂಡಲೇ ಗುಮ್ಮಟ, ಸೇತುವೆ, ಗೋಪುರಗಳನ್ನು ವರ್ಣಿಸಲು ಕೈ ತುರಿಸುತ್ತದೆ. ಅದಕ್ಕೂ ಮುಂಚೆ, ಯಾರಿಗೆ ಎಷ್ಟು ನೆಲ ಎಂಬುದು ತೀರ್ಮಾನವಾಗಬೇಕು. ಈ ವಿಷಯದಲ್ಲಿ ನನಗೆ ಗೊತ್ತಿರುವ ಅತ್ಯುತ್ತಮ ಮಾದರಿ ದೇಶ ವಿಭಜನೆಯ ನಂತರದ ಪೂರ್ವ ಪಂಜಾಬಿನದು. ಪಶ್ಚಿಮದಿಂದ ಬಂದ ರೈತರು ಬಿಟ್ಟುಬಂದ ನೆಲ ಹೆಚ್ಚು, ಇಲ್ಲಿ ಹಂಚಲು ಸಿಕ್ಕಿದ ನೆಲ ಕಡಿಮೆ. ಆದ್ದರಿಂದ ಇಂತಿಷ್ಟು ಮಣ ಧಾನ್ಯ ಬೆಳೆಯುವ ನೆಲವನ್ನು "ಪ್ರಮಾಣಿತ ಎಕರೆ" ಎಂದು ಗೊತ್ತುಮಾಡಿ, ಒಣ ನೆಲಕ್ಕೂ ನೀರಾವರಿಗೂ ಒಂದೇ ಅಳತೆಗೋಲು ತಂದರು. ಮೇಲೆ ಹಂತಹಂತದ ಕಡಿತ: ಹತ್ತು ಎಕರೆವರೆಗೆ ಕಾಲು ಭಾಗ ಕಡಿತವಾದರೆ, ಐನೂರು ಎಕರೆಗೂ ಮಿಕ್ಕಿದ ದೊಡ್ಡ ಹಿಡುವಳಿಗಳಿಗೆ ಕಡಿತ ಶೇಕಡ 95ರವರೆಗೆ ಏರಿತು. ದಾಖಲೆಗಳು ಗಡಿಯ ಆಚೆ ಉಳಿದಿದ್ದವು. ಅದಕ್ಕಾಗಿ, ಒಂದೇ ಊರಿನಿಂದ ಬಂದವರನ್ನೆಲ್ಲ ಒಂದೆಡೆ ಸೇರಿಸಿ, ಪ್ರತಿಯೊಬ್ಬರ ಹಕ್ಕುಕೇಳಿಕೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಸಭೆ ಒಪ್ಪಿದರೆ ಒಪ್ಪಿಗೆ, ತಿದ್ದಿದರೆ ತಿದ್ದುಪಡಿ, ಅಲ್ಲಗಳೆದರೆ ತಿರಸ್ಕಾರ ಎಂಬ ಕ್ರಮ ಮಾಡಿದರು.

ಇಂಥದೊಂದು ಸಭೆಯನ್ನು ನಮ್ಮ ಹತ್ತು ಜ್ಯೋತಿರ್ವರ್ಷದ ಹಾಳೆಯ ಮೇಲೆ ಇಟ್ಟರೆ ಏನಾಗುತ್ತದೆ ಎಂದು ತೋರಿಸಲು ನನ್ನದೇ ಹಸ್ತಪ್ರತಿಯ ಒಂದು ತುಣುಕನ್ನು ಕೊಡುತ್ತೇನೆ:

ಗುಮಾಸ್ತ ಓದಿದ: "ಕೆಳಗಣ ಕಣಿವೆ. ಹದಿನಾಲ್ಕು ಎಕರೆ. ನೀರಿನ ತೊಟ್ಟಿ ಎರಡು."
"ತೊಟ್ಟಿ ಒಂದೇ," ಎಂದರು ಹಿಂದಿನ ಸಾಲಿನವರೊಬ್ಬರು.
"ನೀವು ಹೊರಟ ಮೇಲೆ ಇನ್ನೊಂದು ಕಟ್ಟಿದೆ, ಚಿಕ್ಕಪ್ಪ."
"ಇರಬಹುದಪ್ಪ. ನಾನು ನೋಡಿದ್ದು ಒಂದೇ."
"ಕಟ್ಟಿದ್ದನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ?" ಎಂದು ಗುಮಾಸ್ತ ಕೇಳಿದ. ಯಾರೂ ಕೈ ಎತ್ತಲಿಲ್ಲ. ನೋಡಿದವರೆಲ್ಲ ಮುಂದಿನ ಹಡಗಿನಲ್ಲಿದ್ದರು. ಅದು ಬರುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಯಾರೂ ಕೆಟ್ಟವರಲ್ಲ; ಆದರೂ ಒಂದು ತೊಟ್ಟಿ ಕಡತದಿಂದ ಕಳೆದುಹೋಗುತ್ತದೆ. ವಿಜ್ಞಾನವನ್ನು ವಿವರಿಸುವ ಒಂದು ವಾಕ್ಯವೂ ಈ ತುಣುಕಿನಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಓದುಗರಿಗೆ ಸಾಪೇಕ್ಷತೆಯನ್ನು ಪಾಠ ಮಾಡುವ ಪ್ರೊಫೆಸರ್ ಪಾತ್ರ ನಿಮ್ಮ ಕಥೆಯಲ್ಲಿದ್ದರೆ, ದಯವಿಟ್ಟು ಅವರನ್ನು ನಿವೃತ್ತಿಗೊಳಿಸಿ.

ಇಲ್ಲಿ ಕನ್ನಡದ ಬರಹಗಾರರಿಗೆ ಒಂದು ಅನುಕೂಲವಿದೆ. ಮುಳುಗಡೆ, ಸಂತ್ರಸ್ತರು, ಪರಿಹಾರಧನ, ಪಂಚನಾಮೆ, ಪಹಣಿ, ಹಕ್ಕುಪತ್ರ ಎಂಬ ಮಾತುಗಳು ನಮ್ಮ ಜಿಲ್ಲೆಗಳಲ್ಲಿ ದಿನಬಳಕೆಯವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದರೂ ಶರಾವತಿ ಕಣಿವೆಯಿಂದ ಎದ್ದುಬಂದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಹೋರಾಟ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದಿದೆ. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಬಾಗಲಕೋಟೆಯವರು ನವನಗರದಲ್ಲಿ ಸೆಕ್ಟರ್ ಸಂಖ್ಯೆಗಳ ವಿಳಾಸಕ್ಕೆ ಒಗ್ಗಿಕೊಳ್ಳಬೇಕಾಯಿತು. ಓಣಿಯ ಹೆಸರು ಹೇಳುತ್ತಿದ್ದ ಬಾಯಿ ಅಂಕಿ ಹೇಳಲು ಕಲಿಯುವುದು ಹೇಗೆಂದು ಅಲ್ಲಿನವರನ್ನು ಕೇಳಿ ಬನ್ನಿ. ಗ್ರಹ ಬೇರೆಯಾದರೂ ಆ ತೊಡಕು ಬೇರೆಯಾಗುವುದಿಲ್ಲ. ಲೇಸರ್ ಕೋವಿಗೆ ಸಂಸ್ಕೃತದ ಐದಕ್ಷರದ ಹೆಸರು ಹುಡುಕುತ್ತ ವಾರ ಕಳೆಯುವವರು, ಈ ಸಿದ್ಧ ಪದಗಳನ್ನು ಬಿಟ್ಟು "ಪುನರ್ವಾಸ ಸಮನ್ವಯ ಘಟಕ" ಎಂದು ಬರೆಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಆ ಘಟಕದಲ್ಲಿ ಕೆಲಸ ಮಾಡುವವರೂ ಅದನ್ನು ಹಾಗೆ ಕರೆಯುವುದಿಲ್ಲ; "ಕ್ಯಾಂಪ್ ಆಫೀಸು" ಎನ್ನುತ್ತಾರೆ.

ನಿಮ್ಮ ಕಥೆಯಲ್ಲಿ ಬಂದವರಿಗೆ ನೆಲ ಸಿಕ್ಕಿದ ದಿನ, ಆ ಗ್ರಹದಲ್ಲೇ ಹುಟ್ಟಿ ಒಂದು ಗುಂಟೆಯೂ ಇಲ್ಲದ ಕೂಲಿಯವನೊಬ್ಬ ಬೇಲಿಯ ಆಚೆ ನಿಂತು ನೋಡುತ್ತಿರಲಿ. ಅವನಿಗೂ ಒಂದು ಅಧ್ಯಾಯ ಸಲ್ಲುತ್ತದೆ.

ಕಾಣೆಯಾದವರು ಮತ್ತು ಕಟ್ಟಿದ ಊರು

ಎರಡನೆಯ ಮಹಾಯುದ್ಧದಲ್ಲಿ ಕಾಣೆಯಾದವರನ್ನು ಹುಡುಕಲು ಜರ್ಮನಿಯ ಬಾಡ್ ಆರೋಲ್ಸೆನ್ ಎಂಬ ಸಣ್ಣ ಪಟ್ಟಣದಲ್ಲಿ ಬೆಳೆದ ಹೆಸರುಗಳ ಸೂಚಿಯಲ್ಲಿ ಸುಮಾರು 1.75 ಕೋಟಿ ಜನರಿಗೆ ಸಂಬಂಧಿಸಿದ ಸುಮಾರು ಐದು ಕೋಟಿ ಚೀಟಿಗಳಿವೆ. ಬರೆದುಕೊಂಡವರು ಒಂದೇ ಹೆಸರನ್ನು ನೂರಾರು ಬಗೆಯಲ್ಲಿ ಬರೆದಿದ್ದರಿಂದ ಚೀಟಿಗಳನ್ನು ಕಾಗುಣಿತದ ಬದಲು ಉಚ್ಚಾರಣೆಯನ್ನು ಅನುಸರಿಸಿ ಜೋಡಿಸಬೇಕಾಯಿತು. ನಿಮ್ಮ ಗ್ರಹದ ಯಂತ್ರ ಎಷ್ಟೇ ಜಾಣವಾಗಿದ್ದರೂ, ಹೆಸರನ್ನು ಮೊದಲು ಕೇಳಿ ಬರೆದುಕೊಂಡವನಿಗೆ ಆ ಭಾಷೆಯ ಳಕಾರ ಲಕಾರಗಳ ವ್ಯತ್ಯಾಸ ಗೊತ್ತಿಲ್ಲದಿದ್ದರೆ ತಾಯಿಗೆ ಮಗ ಸಿಗುವುದಿಲ್ಲ. ಬೇರೆ ಬೇರೆ ವೇಗದ ಹಡಗುಗಳಲ್ಲಿ ಬಂದ ಅಕ್ಕತಂಗಿಯರಲ್ಲಿ ತಂಗಿಯೇ ಹಿರಿಯಳಾಗಿರಬಹುದು; ಆಗ ಹುಟ್ಟಿದ ದಿನಾಂಕ ಹುಡುಕಾಟಕ್ಕೆ ನೆರವಾಗುವ ಬದಲು ದಾರಿ ತಪ್ಪಿಸುತ್ತದೆ. ಅವರು ಸಿಕ್ಕ ಮೇಲೆ ಯಾರು ಯಾರನ್ನು "ಅಕ್ಕಾ" ಎಂದು ಕರೆಯಬೇಕು? ಈ ಪ್ರಶ್ನೆಗೆ ಉತ್ತರ ಕೊಡದೆ, ಇಬ್ಬರೂ ಒಂದು ಕ್ಷಣ ತಡವರಿಸುವುದನ್ನಷ್ಟೇ ಬರೆದರೆ ಸಾಕು.

ಊರು ಕಟ್ಟುವುದಕ್ಕೆ ವಾರ್ಸಾ ನಗರದ ಉದಾಹರಣೆ ನೆನಪಿಡಿ. 1944ರ ದಂಗೆಯ ನಂತರ ನಾಜಿಗಳು ನೆಲಸಮ ಮಾಡಿದ ಅದರ ಹಳೆಯ ಪೇಟೆಯನ್ನು ಮತ್ತೆ ಕಟ್ಟುವಾಗ, ಹದಿನೆಂಟನೆಯ ಶತಮಾನದ ಚಿತ್ರಕಾರ ಬೆಲೊಟ್ಟೊ ಬರೆದ ನಗರದೃಶ್ಯಗಳೂ ಆಧಾರವಾದವು. 1980ರಲ್ಲಿ ಯುನೆಸ್ಕೋ ಆ ಮರುಕಟ್ಟಿದ ಪೇಟೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಕಾರ ಅಂದಕ್ಕಾಗಿ ಅಲ್ಲಲ್ಲಿ ಕಟ್ಟಡಗಳನ್ನು ತಿದ್ದಿಕೊಂಡಿದ್ದ. ನೆನಪಿನಿಂದ ಕಟ್ಟಿದ ಊರಿನಲ್ಲಿ ಇಂಥ ತಪ್ಪುಗಳು ಇದ್ದೇ ಇರುತ್ತವೆ, ಅವು ಕಥೆಗೆ ಬಲು ಉಪಯುಕ್ತ: ಮುದುಕರಿಗೆ ತಪ್ಪಾಗಿ ಕಾಣುವ ಕಿಟಕಿ, ಮಕ್ಕಳಿಗೆ ತಾತನ ಕಾಲದ್ದೇ ಆಗಿರುತ್ತದೆ.

ತಿದ್ದುವಾಗ

ಕರಡು ಮುಗಿದ ಮೇಲೆ ಆ ಮೊದಲ ಹಾಳೆಯನ್ನು ಗೋಡೆಗೆ ಅಂಟಿಸಿ, ಕಾದಂಬರಿಯಲ್ಲಿ ಬರುವ ಪ್ರತಿಯೊಂದು ಸಂದೇಶಕ್ಕೂ ಕಳುಹಿಸಿದ ವರ್ಷ, ತಲುಪಿದ ವರ್ಷ ಎರಡನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿರಿ. ಪ್ರತಿ ಪಾತ್ರದ ವಯಸ್ಸನ್ನು ಹಡಗಿನ ಗಡಿಯಾರದಲ್ಲಿ ಒಮ್ಮೆ, ನೆಲದ ಗಡಿಯಾರದಲ್ಲಿ ಒಮ್ಮೆ ಲೆಕ್ಕಹಾಕಿರಿ. ಇದು ಬೇಸರದ ಕೆಲಸ, ಒಂದು ವಾರ ಹಿಡಿಯುತ್ತದೆ, ಮತ್ತು ಯಾವುದಾದರೂ ಒಂದು ಕಡೆ ಖಂಡಿತ ತಪ್ಪು ಸಿಗುತ್ತದೆ.

ನನಗೆ ಸಿಕ್ಕಿದ್ದು ಪಾವಿನ ಅಜ್ಜಿಯ ಅಧ್ಯಾಯದಲ್ಲೇ. ಊರಲ್ಲಿ ಉಳಿದ ಮೊಮ್ಮಗನಿಗೆ ಆಕೆ ಬರೆದ ಪತ್ರ ಅವನನ್ನು ಮುಟ್ಟುವುದಕ್ಕೆ ಆರು ವರ್ಷ ಮುಂಚೆಯೇ ಅವನ ಉತ್ತರ ಹೊರಟುಬಿಟ್ಟಿತ್ತು. ಎರಡು ಅಧ್ಯಾಯ ಕುಸಿದವು. ವರ್ಷಗಳನ್ನು ಹಿಂದೆ ಮುಂದೆ ಸರಿಸಿ ನೋಡಿದೆ, ಹೊಂದಲಿಲ್ಲ. ಕೊನೆಗೆ ದಿನಾಂಕಗಳನ್ನು ಹಾಗೆಯೇ ಬಿಟ್ಟು, ಅವನ ಪತ್ರದ ಮೊದಲ ಸಾಲನ್ನು ಮಾತ್ರ ತಿದ್ದಿದೆ. ಈಗ ಅವನು, ಅಜ್ಜಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ, ಸುಮ್ಮನೆ ಊರಿನ ಮಳೆಯ ವಿಷಯ, ಹಿತ್ತಿಲಲ್ಲಿ ಮತ್ತೆ ಚಿಗುರಿದ ನುಗ್ಗೆಯ ವಿಷಯ ಬರೆಯುತ್ತಾನೆ. ಅಜ್ಜಿ ಅದನ್ನು ತನ್ನ ಪತ್ರಕ್ಕೆ ಬಂದ ಉತ್ತರವೆಂದೇ ಓದುತ್ತಾಳೆ.